ಸೆಫ್‌ನಲ್ಲಿ ವೇಗದ ಡಿಸ್ಕು, ನಿಧಾನದ ಡಿಸ್ಕು: ಇಡುವುದರಲ್ಲಿ ಜಾಣ, ಎತ್ತಿಡುವುದರಲ್ಲಿ ಸೋಮಾರಿ

ಒಂದಿಷ್ಟು ಎಸ್‌ಎಸ್‌ಡಿ, ಅದರ ಹತ್ತಿಪ್ಪತ್ತು ಪಟ್ಟು ಹಾರ್ಡ್ ಡಿಸ್ಕು. ಇವೆರಡನ್ನೂ ಒಂದೇ ಸೆಫ್ ಕ್ಲಸ್ಟರಿಗೆ (ಹಲವು ಸರ್ವರುಗಳ ಡಿಸ್ಕುಗಳನ್ನು ಒಂದೇ ದೊಡ್ಡ ಸ್ಟೋರೇಜಾಗಿ ಕೂಡಿಸುವ ಸಾಫ್ಟ್‌ವೇರು ಸೆಫ್) ಹಾಕಿ ನಡೆಸಬೇಕು ಅಂತ ಹೊರಟವರು ನನ್ನ ಹತ್ತಿರ ಮೊದಲು ಕೇಳುವುದು ಒಂದೇ ಪ್ರಶ್ನೆ: "ಹೆಚ್ಚು ಓಡಾಡುವ ಡೇಟಾ ತಾನಾಗಿಯೇ ಎಸ್‌ಎಸ್‌ಡಿಗೆ ಹೋಗುತ್ತಾ?" ಹೋಗುವುದಿಲ್ಲ. ಯಾವುದು ಎಲ್ಲಿ ಕೂರಬೇಕು ಅಂತ ನೀವು ಮೊದಲೇ ಹೇಳಿಬಿಟ್ಟರೆ ಸೆಫ್ ಅದನ್ನು ಚಾಚೂ ತಪ್ಪದೆ ಅಲ್ಲೇ ಕೂರಿಸುತ್ತದೆ. ಆಮೇಲೆ ಮನಸ್ಸು ಬದಲಾದರೆ ಹೆಚ್ಚುಕಡಿಮೆ ಎಲ್ಲ ಕೆಲಸ ನಿಮ್ಮದೇ. ಹೀಗೆ ಎರಡು ಜಾತಿಯ ಡಿಸ್ಕುಗಳ ಕ್ಲಸ್ಟರನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ವರ್ಚುವಲ್ ಮಷೀನುಗಳ ಡಿಸ್ಕು, ಬ್ಯಾಕಪ್ಪು, ಆಬ್ಜೆಕ್ಟ್ ಸ್ಟೋರೇಜು, ಮೂರೂ ಅದರ ಮೇಲೇ ಇವೆ. ಆ ಅನುಭವದಿಂದಲೇ ಈ ವಿಮರ್ಶೆ ಬರೆಯುತ್ತಿದ್ದೇನೆ.

ಸೆಫ್ ಹೀಗ್ಯಾಕೆ ಅನ್ನುವುದಕ್ಕೆ ಉತ್ತರ ಅದರ ಹುಟ್ಟಿನಲ್ಲೇ ಇದೆ. ಸೇಜ್ ವೈಲ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಕ್ಯಾಂಪಸ್ಸಿನಲ್ಲಿ ಪಿಎಚ್‌ಡಿಗೆ ಅಂತ ಶುರು ಮಾಡಿದ ಕೆಲಸ ಇದು. ಸೆಫ್ ಪ್ರಬಂಧವೂ ಅದರ ಬೆನ್ನೆಲುಬಾದ ಕ್ರಷ್ ಪ್ರಬಂಧವೂ 2006ರಲ್ಲೇ ಬಂದವು. ಕ್ರಷ್‌ನ ತಿರುಳು ಇಷ್ಟೇ: ಆಬ್ಜೆಕ್ಟು, ಅಂದರೆ ಡೇಟಾದ ಒಂದು ತುಂಡು, ಎಲ್ಲಿದೆ ಅಂತ ಯಾವ ಪಟ್ಟಿಯಲ್ಲೂ ಬರೆದಿಟ್ಟುಕೊಳ್ಳುವುದಿಲ್ಲ. ಹೆಸರು, ಪೂಲು (ಒಂದೇ ನಿಯಮಕ್ಕೆ ಒಳಪಟ್ಟ ಆಬ್ಜೆಕ್ಟುಗಳ ಗುಂಪು), ಕ್ಲಸ್ಟರಿನ ನಕ್ಷೆ ಇವಿಷ್ಟು ಗೊತ್ತಿದ್ದರೆ ಯಾವ ಕ್ಲೈಂಟ್ ಬೇಕಾದರೂ ತಾನೇ ಲೆಕ್ಕ ಹಾಕಿ ನೇರವಾಗಿ ಆ ಡಿಸ್ಕಿಗೆ ಹೋಗಬಹುದು. ಜಾಗ ಎಲ್ಲಿ ಅಂತ ನಡುವೆ ಕೇಳಬೇಕಾದ ಸರ್ವರಿಲ್ಲ, ಆದ್ದರಿಂದ ಅದು ಕುಸಿದು ಕೂರುವ ಭಯವೂ ಇಲ್ಲ. ಆದರೆ "ಈ ಒಂದು ಆಬ್ಜೆಕ್ಟನ್ನು ಮಾತ್ರ ವೇಗದ ಡಿಸ್ಕಿಗೆ ಹಾಕು" ಅಂತ ಹೇಳುವುದಕ್ಕೂ ಜಾಗವಿಲ್ಲ. ಲೆಕ್ಕ ಪೂರ್ತಿ ಪೂಲಿಗೆ ಒಂದೇ. ಇದೊಂದು ತಲೆಯಲ್ಲಿದ್ದರೆ ಸೆಫ್‌ನ ಟಿಯರಿಂಗ್ (ಡೇಟಾವನ್ನು ವೇಗದ, ನಿಧಾನದ ಡಿಸ್ಕುಗಳಿಗೆ ಹಂಚಿಡುವುದು) ಕಥೆಯ ಮುಕ್ಕಾಲು ಪಾಲು ಅರ್ಥವಾದ ಹಾಗೆ.

ಎರಡು ಜಾತಿಯ ಡಿಸ್ಕಿನ ಗೊಡವೆಯೇ ಯಾಕೆ ಅನ್ನುವವರಿಗೆ ಒಂದು ಮಾತು. 7200 ಆರ್‌ಪಿಎಂ ಡಿಸ್ಕು ಒಂದು ಸುತ್ತು ಸುತ್ತಲು 8.3 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಬೇಕಾದ ಸೆಕ್ಟರು ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅದರ ಮೇಲೆ ಹೆಡ್ಡು ಸರಿಯುವ ಸಮಯ. ಎಲ್ಲ ಕೂಡಿಸಿದರೆ ಚೆಲ್ಲಾಪಿಲ್ಲಿಯಾದ ಸಣ್ಣ ಓದುಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಮಾತ್ರ ಮಾಡಬಲ್ಲದು. ಎನ್‌ವಿಎಂಇ ಡಿಸ್ಕು (ಎಸ್‌ಎಸ್‌ಡಿಯಲ್ಲೇ ಹೆಚ್ಚು ವೇಗದ್ದು) ಅದೇ ಓದಿಗೆ ನೂರು ಮೈಕ್ರೋಸೆಕೆಂಡಿನ ಸುಮಾರಿನಲ್ಲಿ ಉತ್ತರ ಕೊಡುತ್ತದೆ. ಹಾರ್ಡ್ ಡಿಸ್ಕಿನ ಗಾತ್ರ ಬೆಳೆಯುತ್ತಲೇ ಇದೆ, ತಿರುಗುವ ವೇಗ ಮಾತ್ರ ಇದ್ದಲ್ಲೇ ಇದೆ. ಹಾಗಾಗಿ ಡಿಸ್ಕು ದೊಡ್ಡದಾದಷ್ಟೂ ಪ್ರತಿ ಟೆರಾಬೈಟಿನ ಪಾಲಿಗೆ ಸಿಗುವ ಓದು-ಬರಹ ಕಮ್ಮಿಯಾಗುತ್ತಾ ಬರುತ್ತದೆ.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ. 2017ರ ಲುಮಿನಸ್ ಆವೃತ್ತಿಯಲ್ಲಿ ಬಂದ ಡಿವೈಸ್ ಕ್ಲಾಸ್ ಸೆಫ್‌ಗೆ ಸಿಕ್ಕ ದೊಡ್ಡ ವರ. ಅದಕ್ಕೂ ಮುಂಚೆ ಎಸ್‌ಎಸ್‌ಡಿಗೆ ಬೇರೆ ಪೂಲು ಬೇಕೆಂದರೆ ಕ್ರಷ್ ನಕ್ಷೆಯನ್ನು ಕೈಯಾರೆ ಬಿಚ್ಚಿ, ಎರಡು ಮರ ಕಟ್ಟಬೇಕಿತ್ತು. ಇರುವ ಒಂದೇ ಸರ್ವರಿಗೆ ಎರಡು ಹೆಸರು, ಒಂದಕ್ಕೆ "ಎಸ್‌ಎಸ್‌ಡಿ" ಅಂತ ಬಾಲ. ಒಎಸ್‌ಡಿ (ಒಂದೊಂದು ಡಿಸ್ಕನ್ನು ನೋಡಿಕೊಳ್ಳುವ ಸೆಫ್ ಪ್ರೋಗ್ರಾಮು) ರೀಸ್ಟಾರ್ಟ್ ಆದಾಗ ತನ್ನ ನಿಜವಾದ ಸರ್ವರಿನ ಹೆಸರಿನಡಿ ಹೋಗಿ ಕೂತುಬಿಡುತ್ತಿತ್ತು. ಅದನ್ನು ತಡೆಯಲು ಇನ್ನೊಂದು ಸೆಟ್ಟಿಂಗು. ಈಗ ಪ್ರತಿ ಒಎಸ್‌ಡಿಗೂ ಎಚ್‌ಡಿಡಿ, ಎಸ್‌ಎಸ್‌ಡಿ ಅಥವಾ ಎನ್‌ವಿಎಂಇ ಅನ್ನುವ ಹಣೆಪಟ್ಟಿ ಇರುತ್ತದೆ. "ಈ ಪೂಲಿನ ಪ್ರತಿಗಳೆಲ್ಲ ಎಸ್‌ಎಸ್‌ಡಿಯಲ್ಲೇ, ಬೇರೆ ಬೇರೆ ಸರ್ವರಿನಲ್ಲಿ" ಅನ್ನುವ ರೂಲು ಬರೆಯಲು ಒಂದು ಸಾಲಿನ ಕಮಾಂಡು ಸಾಕು.

ಇದರ ನಿಜವಾದ ಬಲ ಗೊತ್ತಾಗುವುದು ರೂಲು ಬದಲಿಸಿದಾಗ. ಹಾರ್ಡ್ ಡಿಸ್ಕಿನ ಪೂಲೊಂದಕ್ಕೆ ಎಸ್‌ಎಸ್‌ಡಿ ರೂಲು ಹಚ್ಚಿ ಎಂಟರ್ ಒತ್ತಿದರೆ ಸ್ಟೇಟಸ್ಸಿನಲ್ಲಿ "ಮಿಸ್‌ಪ್ಲೇಸ್ಡ್" ಅಂತ ಶೇಕಡಾವಾರು ಅಂಕಿ ಏಕಾಏಕಿ ಏರುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಮೇಲೆ ಓಡುತ್ತಿರುವ ವರ್ಚುವಲ್ ಮಷೀನುಗಳಿಗೆ ಏನೂ ತಿಳಿಯುವುದಿಲ್ಲ. ಒಂದು ಕ್ಷಣವೂ ಡೇಟಾ ಕೈತಪ್ಪುವುದಿಲ್ಲ, ಪ್ರತಿಗಳ ಸಂಖ್ಯೆಯೂ ಇಳಿಯುವುದಿಲ್ಲ, ಏಕೆಂದರೆ ಹೊಸ ಜಾಗದಲ್ಲಿ ಪೂರ್ತಿ ತುಂಬುವ ತನಕ ಹಳೆಯ ಪ್ರತಿ ಇದ್ದೇ ಇರುತ್ತದೆ. ಇಷ್ಟು ನೆಮ್ಮದಿಯಾಗಿ ಟಿಯರ್ ಬದಲಿಸುವ ಸಿಸ್ಟಮ್ಮುಗಳು ಬೆರಳೆಣಿಕೆಯಷ್ಟು. ಆದರೆ ನೆನಪಿರಲಿ, ಹೀಗೆ ಹೋಗುವುದು ಇಡೀ ಪೂಲು. ಅದರಲ್ಲಿ ಬಿಸಿಯಾಗಿರುವ ಹತ್ತನೇ ಒಂದು ಪಾಲನ್ನು ಮಾತ್ರ ಹೊತ್ತು ಹೋಗುವ ಉಪಾಯವಿಲ್ಲ.

ಕಿರಿಕಿರಿಗಳೂ ಇವೆ. ಡಿಸ್ಕು ತಿರುಗುವುದೋ ಇಲ್ಲವೋ ಅಂತ ಸೆಫ್ ತಿಳಿದುಕೊಳ್ಳುವುದು ಲಿನಕ್ಸ್ ಕರ್ನಲ್ಲಿನ ರೊಟೇಶನಲ್ ಗುರುತಿನಿಂದ. ನಡುವೆ ರೇಡ್ ಕಾರ್ಡ್ (ಹಲವು ಡಿಸ್ಕುಗಳನ್ನು ಒಟ್ಟಿಗೆ ನಿಭಾಯಿಸುವ ಕಾರ್ಡು) ಕೂತಿದ್ದರೆ ಆ ಗುರುತು ಸುಳ್ಳು ಹೇಳಬಹುದು. ನಮ್ಮಲ್ಲಿದ್ದ ಒಂದು ಕಾರ್ಡು ಹೊಚ್ಚಹೊಸ ಎಸ್‌ಎಸ್‌ಡಿಗಳನ್ನೆಲ್ಲ ತಿರುಗುವ ಡಿಸ್ಕು ಅಂತಲೇ ತೋರಿಸುತ್ತಿತ್ತು. ಹಣೆಪಟ್ಟಿ ಕಿತ್ತು ಹೊಸದು ಅಂಟಿಸಬಹುದು, ಅದೇನೂ ಕಷ್ಟವಲ್ಲ. ಆದರೆ ಬ್ಲೂಸ್ಟೋರ್ (ಒಎಸ್‌ಡಿಯೊಳಗೆ ಡಿಸ್ಕಿಗೆ ಬರೆಯುವ ಭಾಗ) ತನ್ನ ಒಳಗಿನ ಕೆಲವು ಲೆಕ್ಕಾಚಾರಗಳಿಗೂ ಅದೇ ಕರ್ನಲ್ ಗುರುತನ್ನು ನಂಬುತ್ತದೆ. ಪಟ್ಟಿ ಬದಲಿಸಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ. ಕಾರ್ಡನ್ನು ಡಿಸ್ಕು ನೇರವಾಗಿ ಕಾಣುವ ಮೋಡ್‌ಗೆ ಹಾಕಿ, ಒಎಸ್‌ಡಿಯನ್ನು ಮೊದಲಿಂದ ಕಟ್ಟುವುದೇ ಸರಿ.

ಇನ್ನೊಂದು ಕಿರಿಕಿರಿ ಇದಕ್ಕಿಂತ ಮೌನಿ. ಪಿಜಿ ಆಟೋಸ್ಕೇಲರ್ ಅನ್ನುವುದು ಪ್ರತಿ ಪೂಲಿಗೆ ಎಷ್ಟು ಪಿಜಿ (ಆಬ್ಜೆಕ್ಟುಗಳನ್ನು ಡಿಸ್ಕುಗಳಿಗೆ ಹಂಚಲು ಮಾಡುವ ಗುಂಪು) ಬೇಕೆಂದು ತಾನೇ ನೋಡಿಕೊಳ್ಳುತ್ತದೆ. ನಿಮ್ಮ ಪೂಲುಗಳಿಗೆಲ್ಲ ಕ್ಲಾಸ್ ರೂಲು ಹಚ್ಚಿ, ಸೆಫ್ ತಾನಾಗಿ ಸೃಷ್ಟಿಸುವ ಎಂಜಿಆರ್ ಪೂಲನ್ನು ಹಳೆಯ ಡೀಫಾಲ್ಟ್ ರೂಲಿನಲ್ಲೇ ಬಿಟ್ಟಿರಿ ಅನ್ನಿ. ಆ ಒಂದು ಪುಟ್ಟ ಪೂಲು ಎರಡೂ ಜಾತಿಯ ಡಿಸ್ಕಿನ ಮೇಲೆ ಹರಡಿಕೊಂಡಿರುತ್ತದೆ. ಆಟೋಸ್ಕೇಲರ್ ಅದನ್ನು "ಓವರ್‌ಲ್ಯಾಪಿಂಗ್ ರೂಟ್ಸ್" ಅಂತ ಕರೆದು ಲೆಕ್ಕವನ್ನೇ ಕೈಬಿಡುತ್ತದೆ. ಎದ್ದುಕಾಣುವ ಎಚ್ಚರಿಕೆಯೇನೂ ಇಲ್ಲ. ಆಟೋಸ್ಕೇಲ್ ಸ್ಟೇಟಸ್ ಕೇಳಿದರೆ ಖಾಲಿ ಸಾಲು. ಲಾಗು ಕೆದಕಿದವರಿಗಷ್ಟೇ ಕಾರಣ ಸಿಗುತ್ತದೆ. ಆ ಪೂಲಿಗೂ ಒಂದು ಕ್ಲಾಸ್ ರೂಲು ಕೊಟ್ಟರೆ ಮುಗಿಯಿತು. ಇಷ್ಟಕ್ಕಾಗಿ ಜನ ದಿನಗಟ್ಟಲೆ ತಲೆ ಕೆರೆದುಕೊಳ್ಳುತ್ತಾರೆ.

ಕೈಲಿರುವ ಎಸ್‌ಎಸ್‌ಡಿಗೆ ಅತಿ ಹೆಚ್ಚು ಫಲ ಸಿಗುವುದು ಎಲ್ಲಿ ಅಂತ ಕೇಳಿದರೆ ನನ್ನ ಉತ್ತರ ಬ್ಲಾಕ್ ಡಿಬಿ. ಬ್ಲೂಸ್ಟೋರ್ ತನ್ನ ಮೇಟಾಡೇಟಾವನ್ನೆಲ್ಲ (ಯಾವ ಡೇಟಾ ಡಿಸ್ಕಿನ ಯಾವ ಜಾಗದಲ್ಲಿದೆ ಅನ್ನುವಂಥ ಲೆಕ್ಕ) ರಾಕ್ಸ್‌ಡಿಬಿ ಅನ್ನುವ ಡೇಟಾಬೇಸಿನಲ್ಲಿ ಇಡುತ್ತದೆ. ಡೇಟಾ ಹಾರ್ಡ್ ಡಿಸ್ಕಿನಲ್ಲಿ, ರಾಕ್ಸ್‌ಡಿಬಿ ಮಾತ್ರ ಎಸ್‌ಎಸ್‌ಡಿ ಅಥವಾ ಎನ್‌ವಿಎಂಇ ತುಂಡಿನಲ್ಲಿ, ಹೀಗೆ ಒಎಸ್‌ಡಿ ಕಟ್ಟಬಹುದು. ಆಗ ಸಣ್ಣ ಬರಹಗಳು ಮೊದಲು ವೇಗದ ಡಿಸ್ಕಿನ ಲಾಗಿಗೆ ಬಿದ್ದು, ಕ್ಲೈಂಟಿಗೆ "ಆಯ್ತು" ಅಂತ ಉತ್ತರ ಹೋಗಿ, ಆಮೇಲೆ ಬಿಡುವಾಗಿ ಹಾರ್ಡ್ ಡಿಸ್ಕಿಗೆ ಇಳಿಯುತ್ತವೆ. ಹಾರ್ಡ್ ಡಿಸ್ಕಿನ ಹೆಡ್ಡು ಮೇಟಾಡೇಟಾ ಹುಡುಕಿಕೊಂಡು ಅಲೆಯುವುದು ನಿಲ್ಲುತ್ತದೆ. ಡಿಸ್ಕಿನ ಹೊರೆ ತೋರಿಸುವ ಐಒಸ್ಟ್ಯಾಟ್ ತೆರೆದಿಟ್ಟುಕೊಂಡು, ಡಿಬಿ ಇರುವ ಮತ್ತು ಇಲ್ಲದ ಒಎಸ್‌ಡಿಗಳನ್ನು ಅಕ್ಕಪಕ್ಕ ನೋಡಿ. ಒಂದೇ ಕೆಲಸದ ಹೊರೆಗೆ ಒಂದು ಡಿಸ್ಕಿನ ಯುಟಿಲ್ ನೂರಕ್ಕೆ ಅಂಟಿಕೊಂಡಿದ್ದರೆ ಇನ್ನೊಂದು ಉಸಿರಾಡುತ್ತಿರುತ್ತದೆ.

ಈ ಡಿಬಿಯ ಅಳತೆಯಲ್ಲಿ ಮಾತ್ರ ಬಹಳ ದಿನ ಒಂದು ವಿಚಿತ್ರ ಇತ್ತು. ರಾಕ್ಸ್‌ಡಿಬಿ ತನ್ನ ಡೇಟಾವನ್ನು ಮಟ್ಟಗಳಾಗಿ ಇಡುತ್ತದೆ. ಸೆಫ್‌ನ ಡೀಫಾಲ್ಟಿನಲ್ಲಿ ಮೊದಲ ಮಟ್ಟ 256 ಎಂಬಿ, ಮುಂದಿನದು ಅದರ ಹತ್ತು ಪಟ್ಟು, ಅದರ ಮುಂದಿನದು ಮತ್ತೆ ಹತ್ತು ಪಟ್ಟು. ಒಂದು ಮಟ್ಟ ಪೂರ್ತಿಯಾಗಿ ಹಿಡಿಸಿದರೆ ಮಾತ್ರ ವೇಗದ ಡಿಸ್ಕಿನಲ್ಲಿ ಇಡುತ್ತಿತ್ತು. ಹಾಗಾಗಿ ಉಪಯೋಗಕ್ಕೆ ಬರುವ ಅಳತೆಗಳು ಸುಮಾರು 3, 30, 300 ಜಿಬಿ ಮಾತ್ರ. 60 ಜಿಬಿ ಕೊಟ್ಟವರಿಗೆ ಅರ್ಧ ವ್ಯರ್ಥ. ಆಮೇಲಿನ ಆವೃತ್ತಿಗಳು ನಡುವಿನ ಜಾಗವನ್ನೂ ಬಳಸಿಕೊಳ್ಳುತ್ತವೆ. ಜಾಗ ಸಾಲದಿದ್ದರೆ ಡಿಬಿ ಹಾರ್ಡ್ ಡಿಸ್ಕಿನ ಕಡೆಗೆ ತುಳುಕುತ್ತದೆ, "ಬ್ಲೂಎಫ್‌ಎಸ್ ಸ್ಪಿಲೋವರ್" ಅಂತ ಹೆಲ್ತ್ ವಾರ್ನಿಂಗ್ ಬರುತ್ತದೆ, ಎಷ್ಟು ತುಳುಕಿದೆ ಅನ್ನುವ ಲೆಕ್ಕದ ಸಮೇತ. ಈ ವಾರ್ನಿಂಗನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಡೇಟಾ ಸುರಕ್ಷಿತವಾಗೇ ಇರುತ್ತದೆ, ಆದರೆ ಯಾವ ವೇಗಕ್ಕೆಂದು ಎಸ್‌ಎಸ್‌ಡಿ ಹಾಕಿದಿರೋ ಅದು ಸೋರಿಹೋಗುತ್ತಿದೆ ಅಂತಲೇ ಅದರ ಅರ್ಥ.

ಒಂದು ಎನ್‌ವಿಎಂಇಯನ್ನು ಎಷ್ಟು ಹಾರ್ಡ್ ಡಿಸ್ಕುಗಳಿಗೆ ಹಂಚಬಹುದು? ಹತ್ತರವರೆಗೆ ಎಳೆಯುವವರಿದ್ದಾರೆ, ವೇಗದ ದೃಷ್ಟಿಯಿಂದ ಅದು ನಡೆಯುತ್ತದೆ. ಆದರೆ ಆ ಎನ್‌ವಿಎಂಇ ಸತ್ತರೆ ಅದನ್ನು ನೆಚ್ಚಿಕೊಂಡ ಒಎಸ್‌ಡಿಗಳೆಲ್ಲ ಒಟ್ಟಿಗೆ ಹೋಗುತ್ತವೆ. ಹಾರ್ಡ್ ಡಿಸ್ಕುಗಳು ಗಟ್ಟಿಮುಟ್ಟಾಗಿದ್ದರೂ ಅದರಲ್ಲಿರುವುದನ್ನು ಓದಲು ಬರುವುದಿಲ್ಲ, ನಕ್ಷೆ ಇದ್ದದ್ದೇ ಆ ಎನ್‌ವಿಎಂಇಯಲ್ಲಿ. ನಾನು ಸರ್ವರಿಗೆ ಎರಡು ಹಾಕಿ ಅರ್ಧರ್ಧ ಹಂಚುತ್ತೇನೆ.

ಈಗ ಕ್ಯಾಶ್ ಟಿಯರಿಂಗ್. ಶುರುವಿನಲ್ಲಿ ಹೇಳಿದ ಪ್ರಶ್ನೆಗೆ ಸೆಫ್ ಒಂದು ಕಾಲದಲ್ಲಿ ಕೊಟ್ಟ ಉತ್ತರ ಇದೇ. 2014ರ ಫೈರ್‌ಫ್ಲೈ ಆವೃತ್ತಿಯಲ್ಲಿ ಬಂತು. ಹಾರ್ಡ್ ಡಿಸ್ಕಿನ ಪೂಲಿನ ಮುಂದೆ ಎಸ್‌ಎಸ್‌ಡಿ ಪೂಲೊಂದನ್ನು ನಿಲ್ಲಿಸಿದರೆ ಬಿಸಿ ಆಬ್ಜೆಕ್ಟುಗಳು ಮೇಲೆ ಬರುತ್ತವೆ, ತಣ್ಣಗಾದವು ಕೆಳಗಿಳಿಯುತ್ತವೆ. ಕಾಗದದ ಮೇಲೆ ಇದಕ್ಕಿಂತ ಚೆಂದದ ಯೋಜನೆ ಇಲ್ಲ. ತೊಂದರೆ ಏನೆಂದರೆ ಮೇಲೆ ಬರುವುದು ಇಡೀ ಆಬ್ಜೆಕ್ಟು. ವರ್ಚುವಲ್ ಡಿಸ್ಕಿನ ಆಬ್ಜೆಕ್ಟು ಡೀಫಾಲ್ಟಾಗಿ 4 ಎಂಬಿ. ಡೇಟಾಬೇಸು 4 ಕೆಬಿ ಓದಲು ಕೇಳಿತು ಅಂದುಕೊಳ್ಳಿ. 4 ಎಂಬಿಯನ್ನು ಹಾರ್ಡ್ ಡಿಸ್ಕಿನಿಂದ ಓದಿ, ನೆಟ್‌ವರ್ಕಿನಲ್ಲಿ ಸಾಗಿಸಿ, ಎಸ್‌ಎಸ್‌ಡಿ ಪೂಲಿನಲ್ಲಿ ಅಷ್ಟೂ ಪ್ರತಿಗಳಾಗಿ ಬರೆಯಬೇಕು. ಅದಕ್ಕೆ ಜಾಗ ಮಾಡಲು ಇನ್ನೊಂದು ಆಬ್ಜೆಕ್ಟನ್ನು ಕೆಳಗೆ ಇಳಿಸಬೇಕು. ಓದುಗಳು ಚೆಲ್ಲಾಪಿಲ್ಲಿಯಾಗಿದ್ದರೆ ಮೇಲೆ-ಕೆಳಗೆ ಓಡಾಟವೇ ಕ್ಲಸ್ಟರಿನ ಮುಖ್ಯ ಕಸುಬಾಗಿಬಿಡುತ್ತದೆ.

ಇದನ್ನು ಹದ್ದುಬಸ್ತಿನಲ್ಲಿಡಲು ಗುಂಡಿಗಳಿಗೇನೂ ಕಮ್ಮಿ ಇರಲಿಲ್ಲ. ಎಷ್ಟು ಸಲ ಮುಟ್ಟಿದರೆ ಮೇಲೆ ತರಬೇಕು, ಮುಟ್ಟಿದ ನೆನಪನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು, ಎಷ್ಟು ಕೊಳೆಯಾದರೆ ಕೆಳಗೆ ತಳ್ಳಬೇಕು. ಆಮೇಲಿನ ಆವೃತ್ತಿಗಳಲ್ಲಿ ಪ್ರತಿ ಓದಿಗೂ ಮೇಲೆ ತರದೆ ಕೆಳಗಿನಿಂದಲೇ ಓದಿ ದಾಟಿಸುವ ಏರ್ಪಾಡೂ ಬಂತು. ಕ್ಯಾಶ್ ಪೂಲಿಗೆ ಇಷ್ಟೇ ಬೈಟು ಅನ್ನುವ ಮಿತಿಯನ್ನು ಕೈಯಾರೆ ಕೊಡದಿದ್ದರೆ ಕೆಳಗಿಳಿಸುವ ಕೆಲಸ ಶುರುವೇ ಆಗುವುದಿಲ್ಲ. ಎಲ್ಲ ಸೆಟ್ಟಿಂಗೂ ಶೇಕಡಾವಾರು ಲೆಕ್ಕ, ಯಾವುದರ ಶೇಕಡಾ ಅಂತ ಹೇಳುವುದು ಮಾತ್ರ ನಿಮ್ಮ ಹೊಣೆ. ಯಾರು ಯೋಚಿಸಿದರೋ ಇದನ್ನು!

ಆದರೂ ಜನ ಯಾಕೆ ಹಾಕಿಕೊಂಡರು? ಬಹುಪಾಲು ಜನಕ್ಕೆ ವೇಗವೇ ಕಾರಣವಾಗಿರಲಿಲ್ಲ. ಆಗ ಇರೇಶರ್ ಕೋಡೆಡ್ ಪೂಲಿನಲ್ಲಿ (ಪೂರ್ತಿ ಪ್ರತಿಗಳ ಬದಲು ಡೇಟಾದ ತುಂಡುಗಳನ್ನೂ, ಕಳೆದದ್ದನ್ನು ಮತ್ತೆ ಕಟ್ಟಲು ಪ್ಯಾರಿಟಿ ತುಂಡುಗಳನ್ನೂ ಇಡುವ ಪೂಲು) ಆಬ್ಜೆಕ್ಟಿನ ನಡುಭಾಗ ತಿದ್ದಲು ಬರುತ್ತಿರಲಿಲ್ಲ. ಅದರ ಮೇಲೆ ವರ್ಚುವಲ್ ಡಿಸ್ಕು ಇಡಬೇಕೆಂದರೆ ಮುಂದೆ ಕ್ಯಾಶ್ ಟಿಯರ್ ಇಡಲೇಬೇಕಿತ್ತು. ಲುಮಿನಸ್‌ನಲ್ಲಿ ಬ್ಲೂಸ್ಟೋರ್ ಜೊತೆಗೆ ಆ ಅಡ್ಡಿ ಹೋಯಿತು, ಅದರೊಂದಿಗೆ ಕ್ಯಾಶ್ ಟಿಯರಿನ ದೊಡ್ಡ ಅಗತ್ಯವೂ ಹೋಯಿತು. 2023ರ ರೀಫ್ ಆವೃತ್ತಿಯಲ್ಲಿ ನೋಡಿಕೊಳ್ಳುವವರೇ ಇಲ್ಲವೆಂದು ಅದನ್ನು ಅಧಿಕೃತವಾಗಿ ಡೆಪ್ರಿಕೇಟ್ ಮಾಡಿದರು. ಹೊಸ ಕ್ಲಸ್ಟರಿನಲ್ಲಿ ಅದರ ಹತ್ತಿರವೂ ಸುಳಿಯಬೇಡಿ. ಹಳೆಯದನ್ನು ಬಿಚ್ಚುತ್ತಿರುವವರಿಗೆ ಒಂದು ಸೂಚನೆ: ಕ್ಯಾಶ್ ಮೋಡ್ ಅನ್ನು ರೀಡ್‌ಪ್ರಾಕ್ಸಿಗೆ ಬದಲಿಸಿ ಎಲ್ಲವನ್ನೂ ಕೆಳಗಿಳಿಸಲು ಹೇಳಿದ ಮೇಲೂ ಕೆಲವು ಹೆಡರ್ ಆಬ್ಜೆಕ್ಟುಗಳು "ಬ್ಯುಸಿ" ಅಂತ ಪಟ್ಟು ಹಿಡಿಯುತ್ತವೆ. ಓಡುತ್ತಿರುವ ವರ್ಚುವಲ್ ಮಷೀನು ಅವುಗಳ ಮೇಲೆ ಕಣ್ಣಿಟ್ಟು ಕೂತಿರುತ್ತದೆ. ಆ ಮಷೀನುಗಳನ್ನು ನಿಲ್ಲಿಸದೆ ಅವು ಇಳಿಯುವುದಿಲ್ಲ. ಡೌನ್‌ಟೈಮ್ ಕೇಳಿಕೊಂಡೇ ಕೆಲಸ ಶುರು ಮಾಡಿ.

ಬಡವರ ಕ್ಯಾಶ್ ಅಂತ ಕೆಲವರು ಮಿಶ್ರ ರೂಲು ಬರೆಯುತ್ತಾರೆ: ಮೊದಲ ಪ್ರತಿ ಎಸ್‌ಎಸ್‌ಡಿಯಲ್ಲಿ, ಉಳಿದೆರಡು ಹಾರ್ಡ್ ಡಿಸ್ಕಿನಲ್ಲಿ. ಸೆಫ್ ಓದುವುದು ಮೊದಲ ಪ್ರತಿಯಿಂದ, ಹಾಗಾಗಿ ಓದು ಎಸ್‌ಎಸ್‌ಡಿ ವೇಗದಲ್ಲೇ ಬರುತ್ತದೆ. ಬರೆಯುವಾಗ ಮಾತ್ರ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಕಥೆ, ಮೂರೂ ಪ್ರತಿ ಬರೆದಾದ ಮೇಲೆಯೇ ಉತ್ತರ. ಅದಕ್ಕಿಂತ ಅಪಾಯದ ಸಂಗತಿ ಇನ್ನೊಂದಿದೆ. ರೂಲಿನ ಎರಡು ಭಾಗಗಳು ಒಂದನ್ನೊಂದು ನೋಡುವುದಿಲ್ಲ. ಎರಡೂ ಜಾತಿಯ ಡಿಸ್ಕು ಒಂದೇ ಸರ್ವರಿನಲ್ಲಿದ್ದರೆ ಎಸ್‌ಎಸ್‌ಡಿ ಪ್ರತಿಯೂ ಹಾರ್ಡ್ ಡಿಸ್ಕಿನ ಪ್ರತಿಯೂ ಅದೇ ಸರ್ವರಿಗೆ ಬೀಳಬಹುದು. ಸರ್ವರೊಂದು ಹೋದಾಗ ಎರಡು ಪ್ರತಿ ಒಟ್ಟಿಗೆ ಹೋಗುತ್ತವೆ. ಓದೇ ಹೆಚ್ಚಿರುವ ಕಡೆ, ಬೇರೆ ಬೇರೆ ಸರ್ವರಿನಲ್ಲಿ ಬೇರೆ ಬೇರೆ ಡಿಸ್ಕು ಇದ್ದರೆ ಸರಿ. ಇಲ್ಲವಾದರೆ ಬೇಡ.

ಡೇಟಾ ನಿಜವಾಗಿ ತಾನಾಗಿ ಜಾಗ ಬದಲಿಸುವ ಒಂದೇ ಒಂದು ಕಡೆ ಅಂದರೆ ಆಬ್ಜೆಕ್ಟ್ ಗೇಟ್‌ವೇ, ಅಂದರೆ ಆಬ್ಜೆಕ್ಟ್ ಸ್ಟೋರೇಜಿಗೆ ಬಾಗಿಲಾದ ಭಾಗ. 2019ರ ನಾಟಿಲಸ್‌ನಲ್ಲಿ ಸ್ಟೋರೇಜ್ ಕ್ಲಾಸ್‌ಗಳು ಬಂದವು. ಬಕೆಟ್ಟಿಗೆ (ಆಬ್ಜೆಕ್ಟುಗಳನ್ನು ಹಾಕಿಡುವ ಡಬ್ಬ) ಲೈಫ್‌ಸೈಕಲ್ ನಿಯಮ ಬರೆದರೆ ಇಂತಿಷ್ಟು ದಿನ ಕಳೆದ ಆಬ್ಜೆಕ್ಟುಗಳು ಎಸ್‌ಎಸ್‌ಡಿ ಪೂಲಿನಿಂದ ಹಾರ್ಡ್ ಡಿಸ್ಕಿನ ಇರೇಶರ್ ಕೋಡೆಡ್ ಪೂಲಿಗೆ ಹೋಗುತ್ತವೆ. ಇಲ್ಲಿ ಇದು ಸಾಧ್ಯವಾಗುವುದೂ ಸುಮ್ಮನೆ ಅಲ್ಲ. ಪ್ರತಿ ಆಬ್ಜೆಕ್ಟಿನ ಉಳಿದ ತುಂಡುಗಳು ಎಲ್ಲಿವೆ ಅನ್ನುವುದನ್ನು ಗೇಟ್‌ವೇ ತಾನೇ ಬರೆದಿಟ್ಟುಕೊಳ್ಳುತ್ತದೆ. ಕ್ರಷ್ ಮಾಡದ ಕೆಲಸ ಅದು. ನಮ್ಮ ಬ್ಯಾಕಪ್ಪುಗಳು ಓಡುವುದು ಹೀಗೆಯೇ. ಹೊಸದು ಕೆಲವು ದಿನ ವೇಗದ ಪೂಲಿನಲ್ಲಿರುತ್ತದೆ, ಯಾರಾದರೂ ರಿಸ್ಟೋರ್ ಕೇಳುವುದಿದ್ದರೆ ಹೆಚ್ಚಾಗಿ ಆ ದಿನಗಳಲ್ಲೇ ಕೇಳುತ್ತಾರೆ. ಲೈಫ್‌ಸೈಕಲ್ ಡೀಫಾಲ್ಟಾಗಿ ಮಧ್ಯರಾತ್ರಿಯಿಂದ ಬೆಳಿಗ್ಗೆ 6ರ ನಡುವೆ ಕೆಲಸ ಮಾಡುತ್ತದೆ. ಬ್ಯಾಕಪ್ಪುಗಳೂ ಅದೇ ಹೊತ್ತಿಗೆ ಬರುವುದಾದರೆ ಆ ಅವಧಿಯನ್ನು ಬದಲಿಸಿಕೊಳ್ಳಿ.

ಇದರ ಮಿತಿಯನ್ನೂ ಹೇಳಬೇಕು. ಅದು ನೋಡುವುದು ವಯಸ್ಸನ್ನು, ಬಳಕೆಯನ್ನಲ್ಲ. ಹಳೆಯ ಆಬ್ಜೆಕ್ಟನ್ನು ದಿನಕ್ಕೆ ಸಾವಿರ ಸಲ ಓದುತ್ತಿದ್ದರೂ ದಿನ ತುಂಬಿದರೆ ಕೆಳಗಿಳಿಸುತ್ತದೆ, ತಿರುಗಿ ಮೇಲೆ ತರುವುದಿಲ್ಲ. ಸಣ್ಣ ಆಬ್ಜೆಕ್ಟುಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಹಾರ್ಡ್ ಡಿಸ್ಕಿನ ಬ್ಲೂಸ್ಟೋರ್ ಮೊದಲೆಲ್ಲ ಕನಿಷ್ಠ 64 ಕೆಬಿಯ ತುಂಡುಗಳಲ್ಲಿ ಜಾಗ ಕೊಡುತ್ತಿತ್ತು. ನಾಲ್ಕು ಡೇಟಾ, ಎರಡು ಪ್ಯಾರಿಟಿಯ ಪೂಲಿನಲ್ಲಿ 4 ಕೆಬಿ ಆಬ್ಜೆಕ್ಟು ಆರು ತುಂಡಾಗಿ 384 ಕೆಬಿ ನುಂಗುತ್ತಿತ್ತು. ಪೆಸಿಫಿಕ್ ಆವೃತ್ತಿಯಲ್ಲಿ ಅದನ್ನು 4 ಕೆಬಿಗೆ ಇಳಿಸಿದರು. ಆದರೆ ಆ ಅಳತೆ ಒಎಸ್‌ಡಿ ಹುಟ್ಟಿದಾಗಲೇ ನಿಗದಿಯಾಗುವಂಥದ್ದು. ಸಾಫ್ಟ್‌ವೇರ್ ಎಷ್ಟೇ ಅಪ್‌ಗ್ರೇಡ್ ಮಾಡಿದರೂ ಹಳೆಯ ಒಎಸ್‌ಡಿ ಹಳೆಯ ಚಾಳಿಯನ್ನೇ ಮುಂದುವರಿಸುತ್ತದೆ, ಅಳಿಸಿ ಮತ್ತೆ ಕಟ್ಟುವ ತನಕ. ಬಕೆಟ್ ಇಂಡೆಕ್ಸ್ ಪೂಲನ್ನಂತೂ ಎಸ್‌ಎಸ್‌ಡಿಯಲ್ಲೇ ಇಡಿ. ಇಂಡೆಕ್ಸು ಇರುವುದು ಪೂರ್ತಿ ರಾಕ್ಸ್‌ಡಿಬಿಯಲ್ಲಿ, ಕೋಟಿಗಟ್ಟಲೆ ಆಬ್ಜೆಕ್ಟಿನ ಬಕೆಟ್ಟನ್ನು ಹಾರ್ಡ್ ಡಿಸ್ಕಿನಿಂದ ಲಿಸ್ಟ್ ಮಾಡಿಸುವುದು ಶಿಕ್ಷೆ.

ಸೆಫ್‌ನದೇ ಫೈಲ್ ಸಿಸ್ಟಮ್ಮಾದ ಸೆಫ್‌ಎಫ್‌ಎಸ್ ಬಳಸುವವರಿಗೆ ಡೈರೆಕ್ಟರಿ ಲೇಔಟ್ ಇದೆ. ಒಂದು ಡೈರೆಕ್ಟರಿಗೆ "ನಿನ್ನ ಫೈಲುಗಳೆಲ್ಲ ಈ ಪೂಲಿಗೆ" ಅಂತ ಹೇಳಿಡಬಹುದು. ಹೊಸ ಫೈಲುಗಳು ಮಾತು ಕೇಳುತ್ತವೆ, ಆಗಲೇ ಇದ್ದ ಫೈಲುಗಳು ಕೇಳುವುದಿಲ್ಲ. ಎಸ್‌ಎಸ್‌ಡಿ ಡೈರೆಕ್ಟರಿಯಿಂದ ಆರ್ಕೈವ್ ಡೈರೆಕ್ಟರಿಗೆ ಮೂವ್ ಮಾಡಿದರೂ ಹೆಸರು ಮಾತ್ರ ಸರಿಯುತ್ತದೆ, ಡೇಟಾ ಎಸ್‌ಎಸ್‌ಡಿಯಲ್ಲೇ ಉಳಿಯುತ್ತದೆ. ಕಾಪಿ ಮಾಡಿ ಹಳೆಯದನ್ನು ಅಳಿಸಿದಾಗಷ್ಟೇ ನಿಜವಾಗಿ ಇಳಿಯುವುದು. ಆರ್ಕೈವ್ ಖಾಲಿ ಇದ್ದೂ ಎಸ್‌ಎಸ್‌ಡಿ ತುಂಬುತ್ತಿದ್ದರೆ ಮೊದಲು ಇಲ್ಲಿ ನೋಡಿ.

ಇದೇ ಕೆಲಸವನ್ನು ಬೇರೆಯವರು ಚೆನ್ನಾಗಿ ಮಾಡುತ್ತಾರಾ? ಹಡೂಪ್‌ನ ಫೈಲ್ ಸಿಸ್ಟಮ್ಮಾದ ಎಚ್‌ಡಿಎಫ್‌ಎಸ್‌ನಲ್ಲಿ ಪ್ರತಿ ಬ್ಲಾಕಿನ ಲೆಕ್ಕ ನೇಮ್‌ನೋಡ್ ಅನ್ನುವ ಸರ್ವರಿನ ಹತ್ತಿರ ಇರುತ್ತದೆ, ಡೈರೆಕ್ಟರಿಗೆ ಹಾಟ್, ವಾರ್ಮ್, ಕೋಲ್ಡ್ ಅಂತ ಪಾಲಿಸಿ ಹಚ್ಚಬಹುದು. ಅಲ್ಲೂ ಪಾಲಿಸಿ ಬದಲಿಸಿದರೆ ಹಳೆಯ ಬ್ಲಾಕುಗಳು ಸಾಮಾನ್ಯವಾಗಿ ತಾವಾಗಿ ಕದಲುವುದಿಲ್ಲ, ಮೂವರ್ ಅನ್ನುವ ಟೂಲನ್ನು ಓಡಿಸಬೇಕು. ಆದರೆ ಓಡಿಸಿದರೆ ಬೇಕಾದ ಫೈಲು ಮಾತ್ರ ಹೋಗುತ್ತದೆ. ಸೆಫ್‌ಎಫ್‌ಎಸ್‌ಗೆ ಅಷ್ಟಾದರೂ ಒಂದು ಟೂಲು ಜೊತೆಯಲ್ಲೇ ಕೊಟ್ಟಿದ್ದರೆ ನಾನು ದೂರುತ್ತಿರಲಿಲ್ಲ.

ಒಟ್ಟಾರೆ ಅಂಕ ಕೊಡಿ ಅಂದರೆ ಡಿವೈಸ್ ಕ್ಲಾಸ್ ಮತ್ತು ಬ್ಲಾಕ್ ಡಿಬಿಗೆ ಐದಕ್ಕೆ ನಾಲ್ಕೂವರೆ, ಗೇಟ್‌ವೇಯ ಲೈಫ್‌ಸೈಕಲ್‌ಗೆ ಮೂರೂವರೆ, ಸೆಫ್‌ಎಫ್‌ಎಸ್ ಲೇಔಟಿಗೆ ಎರಡೂವರೆ, ಕ್ಯಾಶ್ ಟಿಯರಿಗೆ ಸೊನ್ನೆ. ಯಾವ ಡೇಟಾಕ್ಕೆ ಎಷ್ಟು ವೇಗ ಬೇಕೆಂದು ಮೊದಲೇ ಗೊತ್ತಿರುವವರು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ದಿನದಿನಕ್ಕೂ ಬದಲಾಗುವ ಹೊರೆ ಇದ್ದು, ಸಿಸ್ಟಮ್ಮೇ ನೋಡಿಕೊಳ್ಳಲಿ ಅನ್ನುವವರಿಗೆ ಇದು ಆಗಿಬರುವುದಿಲ್ಲ.

ತೆಗೆದುಕೊಳ್ಳುವುದೇ ಆದರೆ ಡಿಬಿಗೆ ಹಾಕುವ ಎಸ್‌ಎಸ್‌ಡಿಯಲ್ಲಿ ಪವರ್ ಲಾಸ್ ಪ್ರೊಟೆಕ್ಷನ್ ಇದೆಯೇ ಅಂತ ಡೇಟಾಶೀಟಿನಲ್ಲಿ ನೋಡಿ. ಸೆಫ್ ಪ್ರತಿ ಬರಹವೂ ಗಟ್ಟಿಯಾಗಿ ಡಿಸ್ಕು ಸೇರಿತೇ ಎಂದು ಕೇಳಿಯೇ ಮುಂದೆ ಹೋಗುತ್ತದೆ. ಕರೆಂಟು ಹೋದಾಗ ಒಳಗಿನ ಕ್ಯಾಶನ್ನು ಉಳಿಸುವ ಕೆಪ್ಯಾಸಿಟರ್ ಇಲ್ಲದ ಡೆಸ್ಕ್‌ಟಾಪ್ ಎಸ್‌ಎಸ್‌ಡಿ, ಡಬ್ಬದ ಮೇಲೆ ಎಷ್ಟೇ ದೊಡ್ಡ ಅಂಕಿ ಬರೆದಿದ್ದರೂ, ಆ ಪ್ರಶ್ನೆಗೆ ಪ್ರತಿ ಸಲ ಫ್ಲ್ಯಾಶ್‌ವರೆಗೂ ಹೋಗಿ ಬರಬೇಕು. ಜೊತೆಗೆ ಹತ್ತು ಹಾರ್ಡ್ ಡಿಸ್ಕಿನ ಡಿಬಿ ಹೊತ್ತ ಎಸ್‌ಎಸ್‌ಡಿಯ ಮೇಲೆ ಬರಹದ ಹೊರೆಯೂ ಹತ್ತು ಪಟ್ಟು, ಹಾಗಾಗಿ ದಿನಕ್ಕೆ ಎಷ್ಟು ಸಲ ಪೂರ್ತಿ ಬರೆಯಬಹುದು ಅನ್ನುವ ಡಿಡಬ್ಲ್ಯೂಪಿಡಿ ಅಂಕಿಯನ್ನೂ ಅದೇ ಹಾಳೆಯಲ್ಲಿ ಹುಡುಕಿ.